ಹಳೆಯ ಲಿನಕ್ಸ್ ಗಣಕಯಂತ್ರದ ಪರದೆ ಕಪ್ಪಾದಾಗ

ನಾನು ಬುಧಗಾಂವದ ನಿವೃತ್ತ ಬ್ಯಾಂಕ್ ಗುಮಾಸ್ತ.

ನಾನು ಮ್ಯಾಟ್ರಿಕ್ ಪಾಸಾದವನು. ಗಣಕಯಂತ್ರದ ಶಾಸ್ತ್ರ ಓದಿದವನಲ್ಲ. ಆದರೂ ಇವತ್ತು ಅದರ ಬಗ್ಗೆಯೇ ನಾಲ್ಕು ಮಾತು ಆಡಬೇಕೆಂದಿದ್ದೇನೆ. ಏಕೆಂದರೆ ನನ್ನ ಮನೆಯ ಹಳೆಯ ಯಂತ್ರದ ಪರದೆ ಒಂದು ದಿನ ಕಪ್ಪಾಯಿತು. ಅದರ ಹೊಟ್ಟೆಯಲ್ಲಿ ನಮ್ಮವ್ವನ ಹಾಡುಗಳಿದ್ದವು.

ನಮ್ಮವ್ವ ಜತ್ತದ ಕಡೆಯವಳು. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಕನ್ನಡದಲ್ಲಿ ಹಾಡುತ್ತಿದ್ದಳು. ನಡುನಡುವೆ ಒಂದು ಮರಾಠಿ ಓವಿಯೂ ಬಂದು ಸೇರಿಕೊಳ್ಳುತ್ತಿತ್ತು. ಅವಳ ಕೊನೆಗಾಲದಲ್ಲಿ ನಾನು ಅವನ್ನೆಲ್ಲ ಒಂದು ವಹಿಯಲ್ಲಿ ಬರೆದುಕೊಂಡೆ, ಆಮೇಲೆ ಯಂತ್ರದಲ್ಲಿ ಒಂದೊಂದಾಗಿ ಟೈಪ್ ಮಾಡಿದೆ. ವಹಿ ಸಾಂಗಲಿಯಲ್ಲಿ ನನ್ನ ತಂಗಿಯ ಮನೆಯಲ್ಲಿತ್ತು. 2019ರ ಆಗಸ್ಟಿನಲ್ಲಿ ಕೃಷ್ಣೆ ಊರೊಳಗೆ ಬಂದಳಲ್ಲ, ಆಗ ಆ ವಹಿ ನೆನೆದು ಮುದ್ದೆಯಾಯಿತು. ಉಳಿದದ್ದು ಯಂತ್ರದೊಳಗಿನ ಪ್ರತಿ ಒಂದೇ. ಬ್ಯಾಂಕಿನಲ್ಲಿ ಪ್ರತಿಯೊಂದು ಕಾಗದಕ್ಕೂ ನಕಲು ಇಟ್ಟ ಮನುಷ್ಯ, ಮನೆಯಲ್ಲಿ ನಕಲು ಇಟ್ಟಿರಲಿಲ್ಲ ನೋಡಿ.

ಯಂತ್ರ ಹದಿನೈದು ವರ್ಷ ಹಳೆಯದು. ಅದರಲ್ಲಿ ಲಿನಕ್ಸ್ ಇದೆ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಇದರ ತಿರುಳನ್ನು ಬರೆದ. ದುಡ್ಡು ಕೊಡದೆ ಹಾಕಿಕೊಳ್ಳಬಹುದು, ಮುದಿ ಯಂತ್ರದ ಮೇಲೂ ನಡೆಯುತ್ತದೆ. ಒಂದು ಸಂಜೆ ಅದನ್ನು ಹೊಸ ಆವೃತ್ತಿಗೆ ಏರಿಸಿ ಮಲಗಿದೆ. ಬೆಳಿಗ್ಗೆ ಹಚ್ಚಿದರೆ ಪರದೆಯ ಮೇಲೆ ಕಾರಿರುಳು.

ಪೇಟೆಯ ಒಂದು ಅಂಗಡಿಗೆ ಒಯ್ದೆ. ಅಲ್ಲಿಯ ಹುಡುಗ ನೋಡಿದ ಹಾಗೆ ಮಾಡಿ, "ಕಾಕಾ, ಖೂಪ್ ಜುನಾ ಆಹೇ. ಫಾರ್ಮ್ಯಾಟ್ ಕರಾವಾ ಲಾಗೇಲ್" ಎಂದ. ಫಾರ್ಮ್ಯಾಟ್ ಎಂದರೆ ಪಾಟಿ ಒರೆಸಿದ ಹಾಗೆ, ಇದ್ದದ್ದೆಲ್ಲ ಹೋಗುತ್ತದೆ. ನನ್ನ ಎದೆ ಧಸಕ್ಕೆಂದಿತು. ಯಂತ್ರವನ್ನು ಹೊತ್ತುಕೊಂಡು ಮನೆಗೆ ಬಂದೆ.

ಶ್ರೋತೃಗಳೇ, ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಲೆಡ್ಜರನ್ನು ಸುಡುವುದಿಲ್ಲ. ಮೊದಲು ವ್ಯತ್ಯಾಸ ಎಷ್ಟು ಎಂದು ನೋಡುತ್ತೇವೆ. ಅದು ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದು. 540ರ ಬದಲು 450 ಬರೆದರೆ ವ್ಯತ್ಯಾಸ 90. ಹೀಗೆ ತಪ್ಪು ತಾನೇ ತನ್ನ ಗುರುತು ಹೇಳುತ್ತದೆ. ಯಂತ್ರದಲ್ಲಿಯೂ ಇದೇ ದಾರಿ ಹಿಡಿಯೋಣ ಎಂದುಕೊಂಡೆ. ಒಂದು ವಹಿ ತೆಗೆದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದನ್ನು ಬರೆದಿಡುವುದು ಎಂದು ನೇಮ ಮಾಡಿಕೊಂಡೆ.

ಮೊದಲು ವೈರು. ಪರದೆಯ ನೀಲಿ ಪ್ಲಗ್ಗನ್ನು ಬಿಚ್ಚಿ ಮತ್ತೆ ಬಿಗಿದೆ. ಎಷ್ಟೋ ಕಡೆ ರೋಗ ಇಷ್ಟೇ ಇರುತ್ತದೆ. ನನ್ನದು ಅದಲ್ಲ.

ಎರಡನೆಯದು, ಯಂತ್ರ ಹಚ್ಚಿದೊಡನೆ ತಯಾರಕರ ಹೆಸರು ಮೂಡುತ್ತದೆಯೇ ನೋಡುವುದು. ಮೂಡಿತು. ಅಂದಮೇಲೆ ಪರದೆ ಸರಿ, ವೈರು ಸರಿ. ಆಮೇಲೆ ಕತ್ತಲಾದಾಗ ಮೊಮ್ಮಗಳು ಕೀಲಿಮಣೆಯ ಕ್ಯಾಪ್ಸ್ ಲಾಕ್ ಒತ್ತಿದಳು. ಮೂಲೆಯ ಸಣ್ಣ ದೀಪ ಹತ್ತಿತು. ಮತ್ತೆ ಒತ್ತಿದರೆ ಆರಿತು. "ಅಜ್ಜಾ, ಇದು ಸತ್ತಿಲ್ಲ ತಗೋರಿ. ಒಳಗ ಜೀವಂತ ಐತಿ, ಮಾರಿ ಅಷ್ಟ ತೋರಸವಲ್ದು" ಎಂದಳು.

ಅವಳ ಮಾತು ನಿಜ. ಲಿನಕ್ಸಿನಲ್ಲಿ ಯಂತ್ರವನ್ನು ನಡೆಸುವ ತಿರುಳು ಬೇರೆ, ಚಿತ್ರ ಬಿಡಿಸುವ ವಿಭಾಗ ಬೇರೆ. ಹಳೆಯ ಯಂತ್ರಗಳಲ್ಲಿ ಚಿತ್ರದ ಕೆಲಸ ಮಾಡುವುದು ಎಕ್ಸ್ ಎಂಬ ವ್ಯವಸ್ಥೆ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ್ದು. ಎಕ್ಸ್ ಬಿದ್ದರೂ ತಿರುಳು ನಡೆಯುತ್ತಲೇ ಇರುತ್ತದೆ. ಕೌಂಟರಿನ ಕಿಟಕಿ ಮುಚ್ಚಿದ ಮಾತ್ರಕ್ಕೆ ತಿಜೋರಿಯ ಹಣ ಹೋಯಿತೇ?

ಮೂರನೆಯದು ಎಲ್ಲಕ್ಕಿಂತ ಮುಖ್ಯ: ರಿಪೇರಿಗೆ ಮೊದಲು ನಕಲು ತೆಗೆಯುವುದು. ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ನಡೆಸಬಹುದು. ಒಳಗಿನ ಡಿಸ್ಕನ್ನು ಮುಟ್ಟುವುದೇ ಬೇಕಾಗಿಲ್ಲ. ಮೊಮ್ಮಗಳು ಗೆಳತಿಯ ಯಂತ್ರದಲ್ಲಿ ಅಂಥದೊಂದು ಪೆನ್‌ಡ್ರೈವ್ ತಯಾರಿಸಿ ತಂದಳು. ಹಾಕಿದೊಡನೆ ಚಿತ್ರ ಬಂತು! ಯಂತ್ರ ಅದೇ, ಕಾರ್ಡ್ ಅದೇ, ಪರದೆ ಅದೇ. ಅಂದರೆ ದೋಷ ಲೋಹದಲ್ಲಿ ಇಲ್ಲ, ಬರವಣಿಗೆಯಲ್ಲಿ ಇದೆ ಎಂದು ಖಾತ್ರಿಯಾಯಿತು.

ಆದರೆ ಅವ್ವನ ಹಾಡಿನ ಕಡತ ತೆರೆದಾಗ ಕೈ ನಡುಗಿತು. ಒಂದು ಅಕ್ಷರವೂ ಇಲ್ಲ. ಸಾಲುಸಾಲಾಗಿ ಬರೀ ಚೌಕಟ್ಟುಗಳು. ನೀರಿಗೆ ಹೋದದ್ದು ಒಂದು, ಇದೂ ಹೋಯಿತೇ ಎಂದು ಸುಮ್ಮನೆ ಕುಳಿತುಬಿಟ್ಟೆ. ಮೊಮ್ಮಗಳು ನಕ್ಕಳು. ಆ ಪೆನ್‌ಡ್ರೈವಿನ ಲಿನಕ್ಸಿನಲ್ಲಿ ಕನ್ನಡದ ಫಾಂಟ್ ಇರಲಿಲ್ಲ, ಅಷ್ಟೇ. ಯೂನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ಖಾತೆ ಸಂಖ್ಯೆಯಂತೆ ಒಂದು ಸಂಖ್ಯೆ ಇದೆ. ನಮ್ಮ 'ಅ'ಕಾರಕ್ಕೆ 3205, 'ಕ'ಕಾರಕ್ಕೆ 3221. ಕಡತದಲ್ಲಿ ಇರುವುದು ಆ ಸಂಖ್ಯೆ; ಅದಕ್ಕೆ ರೂಪ ಕೊಡುವುದು ಫಾಂಟ್. ರೂಪ ಸಿಗದಿದ್ದರೆ ಚೌಕಟ್ಟು ಕಾಣುತ್ತದೆ, ಸಂಖ್ಯೆ ಅಳಿಯುವುದಿಲ್ಲ. ಗಡಿನಾಡಿನ ಕನ್ನಡಿಗರು ಇದೊಂದನ್ನು ನೆನಪಿಡಬೇಕು. ಚೌಕಟ್ಟು ಕಂಡಿತೆಂದು ಹೆದರಿ ಕಡತ ಅಳಿಸಬೇಡಿ. ಲೋಹಿತ್ ಕನ್ನಡದಂಥ ಫಾಂಟ್ ಹಾಕಿದರೆ ಅಕ್ಷರ ತಿರುಗಿ ಬರುತ್ತವೆ. ಚೌಕಟ್ಟುಗಳನ್ನೇ ಇನ್ನೊಂದು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡೆವು. ಆ ರಾತ್ರಿ ನಿದ್ದೆ ಬಂತು.

ಮರುದಿನ ಮೂಲ ದೋಷಕ್ಕೆ ಕೈ ಹಾಕಿದೆವು. ಕಪ್ಪು ಪರದೆಯ ಮುಂದೆ ಕುಳಿತು ಕಂಟ್ರೋಲ್, ಆಲ್ಟ್ ಎರಡನ್ನೂ ಒತ್ತಿ ಹಿಡಿದು ಎಫ್ 3 ಒತ್ತಿದೆವು. ಚಿತ್ರವಿಲ್ಲದ, ಬರೀ ಬಿಳಿ ಅಕ್ಷರಗಳ ಪರದೆ ಬಂತು. ಹೆಸರು ಕೇಳಿತು, ಗುಪ್ತಪದ ಕೇಳಿತು. ಗುಪ್ತಪದ ಬರೆಯುವಾಗ ಅಲ್ಲಿ ಒಂದು ಚುಕ್ಕೆಯೂ ಮೂಡುವುದಿಲ್ಲ. ಗಾಬರಿಯಾಗದೆ ಬರೆದು ಎಂಟರ್ ಒತ್ತಬೇಕು.

ಎಕ್ಸ್ ತನ್ನ ದಿನಚರಿಯನ್ನು ತಾನೇ ಬರೆದಿಡುತ್ತದೆ. ಅದರಲ್ಲಿ ಇಂಗ್ಲಿಷಿನ ಎರಡು 'ಇ' ಗುರುತಿನ ಸಾಲುಗಳೇ ದೋಷಗಳು. ಅವನ್ನಷ್ಟೇ ಓದಿದೆವು. ಹೇಳಿದ ಚಾಲಕ ತಂತ್ರಾಂಶ ಸಿಗಲಿಲ್ಲ, ಆದ್ದರಿಂದ ಯಾವ ಪರದೆಯೂ ಸಿಗಲಿಲ್ಲ ಎಂಬುದು ಅದರ ತಾತ್ಪರ್ಯ. ಗುಟ್ಟು ಹೊರಬಿತ್ತು. ಹಿಂದೆ ಚಿತ್ರದ ಕಾರ್ಡಿಗೆ ಕಂಪನಿಯ ಚಾಲಕವನ್ನು ಹಾಕಿಸಿದ್ದೆ. ಅದು ಎಕ್ಸಾರ್ಗ್ ಡಾಟ್ ಕಾನ್ಫ್ ಎಂಬ ಕಡತದಲ್ಲಿ ತನ್ನ ಹೆಸರು ಬರೆದಿಟ್ಟಿತ್ತು. ಕಂಪನಿ ಹಳೆಯ ಕಾರ್ಡುಗಳ ಕೈಬಿಟ್ಟಿತು, ಹೊಸ ಆವೃತ್ತಿ ಆ ಚಾಲಕವನ್ನು ತೆಗೆದುಹಾಕಿತು. ಕಡತ ಮಾತ್ರ ಉಳಿಯಿತು. ವರ್ಗವಾಗಿ ಹೋದ ಗುಮಾಸ್ತನ ಹೆಸರಿಗೇ ದಿನಾಲೂ ಟಪಾಲು ಬರುತ್ತಿದ್ದ ಹಾಗೆ!

ಆ ಕಡತವನ್ನು ಅಳಿಸಲಿಲ್ಲ. ಗುಮಾಸ್ತ ತಪ್ಪನ್ನು ಕೆರೆದು ತೆಗೆಯುವುದಿಲ್ಲ, ಅಡ್ಡಗೆರೆ ಎಳೆದು ಸಹಿ ಮಾಡುತ್ತಾನೆ. ಕಡತದ ಹೆಸರಿಗೆ 'ಹಳೆಯದು' ಎಂಬ ಬಾಲ ಸೇರಿಸಿ ಯಂತ್ರವನ್ನು ಮತ್ತೆ ಹಚ್ಚಿದೆವು. ಕಡತ ಕಾಣದಿದ್ದಾಗ ಎಕ್ಸ್ ತಾನೇ ಹುಡುಕಿ ನೂವೋ ಎಂಬ ಮುಕ್ತ ಚಾಲಕವನ್ನು ಹಿಡಿಯಿತು. ಲಿನಕ್ಸಿನ ತಿರುಳಿಗೇ ಸೇರಿದ ಚಾಲಕ ಇದು. ಆಟಕ್ಕೆ ಚುರುಕಾಗಿಲ್ಲದಿರಬಹುದು, ನನ್ನ ಬರವಣಿಗೆಗೆ ಧಾರಾಳ.

ಕೆಲವರಿಗೆ ಬಿಳಿ ಅಕ್ಷರದ ಪರದೆಯೂ ಬರಲಿಕ್ಕಿಲ್ಲ. ಅವರು ಹಚ್ಚುವಾಗಲೇ ಶಿಫ್ಟ್ ಒತ್ತಿ ಹಿಡಿದರೆ ಹಲವು ಹಳೆಯ ಯಂತ್ರಗಳಲ್ಲಿ ಒಂದು ಪಟ್ಟಿ ಬರುತ್ತದೆ. ಅಲ್ಲಿ ಹಿಂದಿನ ತಿರುಳನ್ನು ಆರಿಸಿ ನೋಡಿ. ಆಗದಿದ್ದರೆ 'ಇ' ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ಕೊನೆಗೆ ಒಂದು ಅಂತರ ಬಿಟ್ಟು ನೋಮೋಡ್‌ಸೆಟ್ ಎಂದು ಒಂದೇ ಪದವಾಗಿ ಬರೆದು ಎಫ್ 10 ಒತ್ತಿ. ಚಿತ್ರ ಒರಟಾಗಿ ಬಂದೀತು, ಆದರೆ ಬಂದೀತು. ಇದು ಆ ಒಂದು ಸಲಕ್ಕೆ ಮಾತ್ರ; ತಪ್ಪಾದರೂ ಮುಂದಿನ ಸಲ ಮೊದಲಿನಂತೆಯೇ ಇರುತ್ತದೆ.

ಆ ಸಂಜೆ ಅವ್ವನ ಕಡತ ತೆರೆದೆ. ಒತ್ತಕ್ಷರ ಸಮೇತ ಎಲ್ಲ ಹಾಡುಗಳೂ ಇದ್ದವು. ಮೊಮ್ಮಗಳು ಮರಾಠಿ ಶಾಲೆಯಲ್ಲಿ ಕಲಿತವಳು, ಕನ್ನಡ ಓದಲು ಬಾರದು. ನಾನು ಓದಿದೆ, ಅವಳು ಕೇಳಿದಳು. ಆಮೇಲೆ, "ಅಜ್ಜಾ, ನನಗೂ ಅಕ್ಷರ ಕಲಸ್ರಿ. ನಿಮ್ಮ ಹಿಂದ ಇದನ್ನ ಯಾರು ಓದ್ಬೇಕು?" ಎಂದಳು.

ಈಗ ಅವ್ವನ ಹಾಡಿನ ಮೂರು ನಕಲುಗಳಿವೆ. ಒಂದು ಯಂತ್ರದಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಕಾಗದದ ಮೇಲೆ. ನಾಲ್ಕನೆಯದು ಮೊಮ್ಮಗಳ ಬಾಯಲ್ಲಿ ತಯಾರಾಗುತ್ತಿದೆ. ನಿಮ್ಮ ಮನೆಯ ಹಳೆಯ ಯಂತ್ರದಲ್ಲಿ ಏನೇನಿದೆಯೋ, ಪರದೆ ಬೆಳಗುತ್ತಿರುವಾಗಲೇ ಒಂದು ನಕಲು ತೆಗೆದಿಡಿ.