ಹೆಸರಿನ ಪಟ್ಟಿ ಊರಿನ ಕೈಯಲ್ಲಿರಲಿ



ಸಮುದಾಯದ ಮೆಶ್ ಜಾಲದಲ್ಲಿರುವ ಸೇವೆಗಳಿಗೆ ಸ್ಥಳೀಯ ಹೆಸರಿಡುವುದು ಹೇಗೆ ಎಂಬುದು ಸಿ.ಎಸ್. ಪುರದ ಇಂದಿನ ಸಂಕಿರಣದ ವಿಷಯ. ಇಂಥ ಜಾಲದ ಉದಾಹರಣೆ ನಮ್ಮ ತುಮಕೂರು ಜಿಲ್ಲೆಯಲ್ಲೇ ಇದೆ. ದೇವರಾಯನದುರ್ಗದ ಬಳಿಯ ದುರ್ಗದಹಳ್ಳಿಯಲ್ಲಿ ಜನಸ್ತು ಸಂಸ್ಥೆ ‘ಕೌಮೆಶ್’ ಎಂಬ ಸಮುದಾಯ ವೈಫೈ ಜಾಲವನ್ನು ಕಟ್ಟಿದೆ. ಇಂಥ ಜಾಲದಲ್ಲಿ ರೂಟರಿನಿಂದ ರೂಟರಿಗೆ ಮಾಹಿತಿ ದಾಟುತ್ತದೆ. ಹೊರಗಿನ ಇಂಟರ್ನೆಟ್ ಕಡಿದರೂ ಊರಿನ ಸರ್ವರಿನಲ್ಲಿರುವ ಹಾಡು, ಪಾಠ, ಮಾತುಗಳು ಮನೆಮನೆಯ ಫೋನಿಗೆ ಸಿಗುತ್ತವೆ.

ಆದರೆ ಆ ಸರ್ವರನ್ನು ತಲುಪಲು ಅಂಕಿಗಳ ಸಾಲೊಂದನ್ನು ನೆನಪಿಡಿ ಎಂದರೆ ಯಾರು ಬರುತ್ತಾರೆ? ಸರ್ವರು ಕೆಟ್ಟು ಬೇರೆಯದು ಬಂದರೆ ಅಂಕಿಯೂ ಬದಲಾಗಬಹುದು. ಹೆಸರು ಮಾತ್ರ ಉಳಿಯಬೇಕು.

ಹೆಸರಿಡುವ ಕೆಲಸ ಹೊಸದಲ್ಲ. ಇಂಟರ್ನೆಟ್ಟಿಗೂ ಮುಂಚಿನ ಆರ್ಪಾನೆಟ್ ಜಾಲದ ಕಾಲದಲ್ಲಿ ಎಲ್ಲ ಕಂಪ್ಯೂಟರುಗಳ ಹೆಸರು ಒಂದೇ ಕಡತದಲ್ಲಿತ್ತು. ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಜಾಲ ಬೆಳೆದು ಕಡತ ಸಾಲದಾದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಅವರು ಹೆಸರಿಗೆ ತಕ್ಕ ಅಂಕಿ ಹುಡುಕಿಕೊಡುವ ಡಿಎನ್‌ಎಸ್ ರೂಪಿಸಿದರು. ಒಂದು ಊರಿನ ಜಾಲಕ್ಕೆ ಇಂದಿಗೂ ಅಂಥ ಚಿಕ್ಕ ಕಡತವೇ ಸಾಕು. ರೂಟರಿನಲ್ಲಿರುವ ಡಿಎನ್‌ಎಸ್‌ಮಾಸ್ಕ್ ತಂತ್ರಾಂಶ ಅದನ್ನು ಓದಿ ಉತ್ತರ ಕೊಡುತ್ತದೆ. ಕಡತ ಒಂದೇ ರೂಟರಿನಲ್ಲಿದ್ದು ಅಲ್ಲಿ ಕರೆಂಟ್ ಹೋದರೆ ಊರಿಗೆಲ್ಲ ಹೆಸರು ಸಿಗದು. ಆದ್ದರಿಂದ ಪ್ರತಿ ರೂಟರಿನಲ್ಲೂ ಅದರ ಪ್ರತಿ ಇರಬೇಕು. ಲಿಬ್ರೆಮೆಶ್ ತಂತ್ರಾಂಶದಲ್ಲಿ ಹೀಗೆ ಹಂಚುವ ವ್ಯವಸ್ಥೆಯಿದೆ.

ಹೆಸರಿನ ಬಾಲ ಯಾವುದಿರಬೇಕು? ‘ಡಾಟ್ ಲೋಕಲ್’ ಸುಲಭವೆನಿಸುತ್ತದೆ. ಆದರೆ 2013ರಲ್ಲಿ ಅದನ್ನು ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಮೀಸಲಿಡಲಾಗಿದೆ; ಆ ಕ್ರಮ ಒಂದೇ ಕೊಂಡಿಯೊಳಗೆ ನಡೆಯುತ್ತದೆ, ರೂಟರನ್ನು ದಾಟುವುದಿಲ್ಲ. 2024ರಲ್ಲಿ ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ (ICANN) ಸಂಸ್ಥೆ ಖಾಸಗಿ ಜಾಲಗಳಿಗಾಗಿ ‘ಡಾಟ್ ಇಂಟರ್ನಲ್’ ಅನ್ನು ಮೀಸಲಿಟ್ಟಿತು. ನಮಗೆ ಒಗ್ಗುವುದು ಅದು. ಅದರ ಮುಂದೆ ‘ಶಾಲೆ’, ‘ಸಂತೆ’, ‘ಹಾಡು’ ಎಂದು ಕನ್ನಡದಲ್ಲೇ ಹೆಸರಿಡಬಹುದು. ಕನ್ನಡ ಅಕ್ಷರಗಳನ್ನು ಡಿಎನ್‌ಎಸ್ ಒಪ್ಪುವ ರೂಪಕ್ಕೆ ತರುವ ಪ್ಯೂನಿಕೋಡ್ 2003ರಿಂದಲೇ ಇದೆ.

ಈ ಸಂಕಿರಣ ಮೂರು ಪ್ರಶ್ನೆಗಳನ್ನು ಎತ್ತಿಕೊಳ್ಳಲಿ. ಒಂದು, ಫೋನಿನಲ್ಲಿ ಪ್ರೈವೇಟ್ ಡಿಎನ್‌ಎಸ್‌ಗೆ ಹೊರಗಿನ ಸರ್ವರು ನಮೂದಿಸಿದ್ದರೆ ಊರಿನ ಜಾಲದ ಹೆಸರುಗಳು ತೆರೆಯುವುದಿಲ್ಲ. ಇದನ್ನು ಜನರಿಗೆ ತಿಳಿಹೇಳುವುದು ಹೇಗೆ? ಎರಡು, ಸಾರ್ವಜನಿಕ ಪ್ರಮಾಣಪತ್ರ ಸಂಸ್ಥೆಗಳು ಇಂಥ ಖಾಸಗಿ ಹೆಸರಿಗೆ ಸುರಕ್ಷಿತ ಸಂಪರ್ಕದ ಪ್ರಮಾಣಪತ್ರ ಕೊಡುವುದಿಲ್ಲ; ಹಾಗಾಗಿ ಬ್ರೌಸರು ಎಚ್ಚರಿಸುತ್ತದೆ. ಆ ಎಚ್ಚರಿಕೆಗೆ ಪರಿಹಾರವೇನು? ಮೂರನೆಯದೇ ಮುಖ್ಯ: ಹೊಸ ಹೆಸರು ಸೇರಿಸುವವರು, ಹಳೆಯದನ್ನು ಅಳಿಸುವವರು ಯಾರು? ಪಾಸ್‌ವರ್ಡ್ ತಿಳಿದ ಒಬ್ಬನ ಕೈಯಲ್ಲಿ ಅದು ಉಳಿದರೆ ಜಾಲ ಸಮುದಾಯದ್ದಾಗದು. ಹೆಸರಿನ ಪಟ್ಟಿ ಎಲ್ಲರಿಗೂ ಕಾಣಬೇಕು. ಬದಲಾವಣೆ ಊರಿನ ಸಭೆಯಲ್ಲಿ ತೀರ್ಮಾನವಾಗಬೇಕು. ಹೆಣ್ಣುಮಕ್ಕಳೂ ಯುವಕರೂ ಆ ಕೆಲಸ ಕಲಿತಿರಬೇಕು.

ಸಂಜೆಯೊಳಗೆ ಯಾವ ಹಳ್ಳಿಯಾದರೂ ಬಳಸಬಹುದಾದ ನಾಮಕರಣ ನಿಯಮಗಳ ಕನ್ನಡ ಕರಡೊಂದು ಇಲ್ಲಿ ಸಿದ್ಧವಾಗಲಿ ಎಂಬುದು ನನ್ನ ಆಶಯ.