ಬೇಜಾರು ಅಂದ್ರೆ ಯಾವ ಬೇಜಾರು?

ನಾನು ಪುಣೆಯ ಹಿಂಜವಡಿಯಲ್ಲಿ ಟೆಸ್ಟಿಂಗ್ ಕೆಲಸ ಮಾಡ್ತೀನಿ, ಊರು ಶಿವಮೊಗ್ಗದ ಹತ್ರ. ಡಾಕ್ಟರ್ ಅಲ್ಲ, ಕೌನ್ಸೆಲರ್ ಕೂಡ ಅಲ್ಲ. ಒಬ್ಬ ಗೆಳೆಯನಿಗೋಸ್ಕರ ಆನ್‌ಲೈನ್‌ನಲ್ಲಿ ಸಹಾಯ ಹುಡುಕಿದವನು, ಅಷ್ಟೆ. ಅವನನ್ನ ಕೇಳಿ, ಒಪ್ಪಿಗೆ ತಗೊಂಡೇ ಇಲ್ಲಿ ಮಾತಾಡ್ತಿದ್ದೀನಿ. ಹೆಸರು ಬೇಡ ಅಂದಿದ್ದಾನೆ. ಗದಗ ಕಡೆಯವನು ಅಂತ ಬೇಕಾದ್ರೆ ಹೇಳು ಅಂದ.

ಬೇಜಾರು ಅನ್ನೋ ನಮ್ಮ ಪದ ನೋಡಿ. ಸಿನಿಮಾ ಚೆನ್ನಾಗಿಲ್ಲದಿದ್ರೂ ಬೇಜಾರು, ಅಜ್ಜಿ ತೀರಿಕೊಂಡ್ರೂ ಬೇಜಾರು, ಮ್ಯಾನೇಜರ್ ಎಲ್ಲರ ಮುಂದೆ ಬೈದ್ರೂ ಬೇಜಾರು, ಬೆಳಿಗ್ಗೆ ಹಾಸಿಗೆಯಿಂದ ಏಳೋಕೇ ಆಗದಿದ್ರೂ ಬೇಜಾರು. ನಮ್ಮ ಗೆಳೆಯನ ಪ್ರಾಜೆಕ್ಟ್ ಮುಗಿದು ಮೂರು ತಿಂಗಳು ಬೆಂಚ್ ಮೇಲಿದ್ದ. ಕಂಪನಿಯವರು ಕೊಟ್ಟಿದ್ದ ಕೌನ್ಸೆಲಿಂಗ್ ಆ್ಯಪ್‌ನಲ್ಲಿ ಇಂಗ್ಲಿಷ್‌ನಲ್ಲೇ ಮಾತಾಡಿದ. ಏನಾಗ್ತಿದೆ ಅಂತ ಕೇಳಿದ್ದಕ್ಕೆ ‘ಟಯರ್ಡ್’ ಅಂದನಂತೆ. ಬೇಗ ಮಲಗಿ, ಸಂಜೆ ಮೇಲೆ ಕಾಫಿ ಬಿಡಿ ಅನ್ನೋ ಸಲಹೆ ಸಿಕ್ತು. ಅವರ ತಪ್ಪೇನಿಲ್ಲ, ಇವನು ಹೇಳಿದ್ದೇ ಅಷ್ಟು. ಅದೇ ರಾತ್ರಿ ಊಟಕ್ಕೆ ಕೂತಾಗ ನನ್ನ ಹತ್ರ ಅಂದಿದ್ದು ಬೇರೆ: “ಜೀವಾನೇ ಬ್ಯಾಸರಾಗೇತಿಪಾ.”

ಈ ಮಾತು ಕೇಳಿದ ಕನ್ನಡದವರು ಯಾರೂ ಕಾಫಿ ಬಿಡು ಅನ್ನಲ್ಲ.

ನಾನು ಸೀದಾ ಕೇಳಿಬಿಟ್ಟೆ, “ಸಾಯೋ ಯೋಚನೆ ಏನಾದ್ರೂ ಬರ್ತಿದ್ಯೇನೋ?” ಹೀಗೆ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ, ಕೇಳಬೇಕು ಅಂತಲೇ ಈ ಕ್ಷೇತ್ರದವರು ಹೇಳೋದು. ಅವನು ತಟ್ಟೆ ನೋಡ್ತಾ ಕೂತಿದ್ದ. ಆಮೇಲೆ, “ಒಮ್ಮೊಮ್ಮೆ ಬರ್ತದ” ಅಂದ.

ಅವತ್ತು ರಾತ್ರಿ ನಾವು ಮಾಡಿದ್ದು 14416ಕ್ಕೆ ಫೋನ್. ಟೆಲಿ ಮಾನಸ್ ಅಂತ, ಕೇಂದ್ರ ಸರ್ಕಾರದ್ದು. 2022ರ ಅಕ್ಟೋಬರ್ 10ರಂದು, ಅಂದ್ರೆ ವಿಶ್ವ ಮಾನಸಿಕ ಆರೋಗ್ಯ ದಿನದಂದೇ ಶುರುವಾಗಿದ್ದು. ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್, ತಂತ್ರಜ್ಞಾನಕ್ಕೆ ಕೈಜೋಡಿಸಿದ್ದು ಅಲ್ಲೇ ಇರೋ ಐಐಐಟಿ. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತೆ. ಇಪ್ಪತ್ತು ಭಾಷೆಗಳಲ್ಲಿ ಕನ್ನಡವೂ ಒಂದು. ಮೊದಲು ತರಬೇತಿ ಪಡೆದ ಕೌನ್ಸೆಲರ್ ಮಾತಾಡ್ತಾರೆ, ಬೇಕು ಅನ್ನಿಸಿದ್ರೆ ತಜ್ಞರ ಹತ್ರ ಕಳಿಸ್ತಾರೆ. ಇವನು ಟೆರೇಸಿಗೆ ಹೋಗಿ ಮಾತಾಡ್ತೀನಿ ಅಂದ. ಟೆರೇಸ್ ಬೇಡ, ನಾನೇ ಹೊರಗೆ ಇರ್ತೀನಿ, ನೀನು ರೂಮಲ್ಲೇ ಮಾತಾಡು ಅಂದು ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತೆ. ಗೋಡೆಯಾಚೆಯಿಂದ ಮಾತು ಸರಿಯಾಗಿ ಕೇಳಿಸ್ತಿರಲಿಲ್ಲ. ಆದ್ರೆ ಅವನು ತನ್ನ ಗದಗಿನ ಕನ್ನಡದಲ್ಲೇ ಮಾತಾಡ್ತಿದ್ದಾನೆ ಅನ್ನೋದು ಮಾತ್ರ ಗೊತ್ತಾಗ್ತಿತ್ತು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಯಾರಾದ್ರೂ ಈಗಲೇ ಏನೋ ಮಾಡ್ಕೊಳ್ಳೋ ಹಾಗಿದ್ರೆ ಅವರನ್ನ ಒಬ್ಬರನ್ನೇ ಬಿಡಬೇಡಿ. 112ಕ್ಕೆ ಫೋನ್ ಮಾಡಿ, ಇಲ್ಲಾ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ.

ಆಮೇಲೆ ಹುಡುಕಾಟ ಶುರುವಾಯ್ತು. ಪರದೆ ತುಂಬಾ ಹೀಲರ್‌ಗಳು, ಲೈಫ್ ಕೋಚ್‌ಗಳು, ಮೂರೇ ಸೆಷನ್‌ನಲ್ಲಿ ಖಿನ್ನತೆ ಮಾಯ ಅನ್ನೋರು. ನಾವು ಬಗ್ ಹಿಡಿಯೋ ಜನ, ಸ್ವಲ್ಪ ಅದೇ ಬುದ್ಧಿ ಇಲ್ಲೂ ಓಡಿಸಬೇಕು. ಮಾತ್ರೆ ಬರೆಯೋರು ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಓದಿದ ಡಾಕ್ಟರ್. ಅವರಿಗೆ ಮೆಡಿಕಲ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಇರುತ್ತೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದ್ರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದ್ರೆ ಆರ್‌ಸಿಐನ ನೋಂದಣಿ ಇರಬೇಕು. ಸಂಖ್ಯೆ ಕೊಡಿ ಅಂತ ಕೇಳಿ. ಕೇಳಿದ್ದಕ್ಕೇ ಸಿಟ್ಟಾಗೋರು ಬೇಡ ನಮಗೆ. ಕೌನ್ಸೆಲರ್ ಅಂತ ಬರೆದುಕೊಳ್ಳೋರಲ್ಲಿ ಒಳ್ಳೆಯವರೂ ಇದ್ದಾರೆ, ತರಾವರಿ ಜನರೂ ಇದ್ದಾರೆ, ಹಾಗಾಗಿ ಎಲ್ಲಿ ಓದಿದ್ರು, ಯಾರ ಕೈಕೆಳಗೆ ಕಲಿತ್ರು ಅಂತ ವಿಚಾರಿಸಿ. ವಿಡಿಯೋದಲ್ಲಿ ನೋಡೋ ಡಾಕ್ಟರ್ ಪುಣೆಯಲ್ಲೇ ಇರಬೇಕು ಅಂತೇನಿಲ್ಲ. ನಾವು ಬೆಂಗಳೂರಿನ ಕನ್ನಡದ ಡಾಕ್ಟರನ್ನೇ ಹಿಡಿದ್ವಿ.

ಇನ್ಶೂರೆನ್ಸ್ ವಿಷಯ ನಮ್ಮವರು ಕೇಳೋದೇ ಕಡಿಮೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ದೇಹದ ಕಾಯಿಲೆಗೆ ಕೊಡೋ ಹಾಗೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಅಡ್ಮಿಟ್ ಆಗದೆ ಬರೀ ಕನ್ಸಲ್ಟೇಶನ್ ಫೀಸಿಗೆ ದುಡ್ಡು ಬರುತ್ತಾ ಅನ್ನೋದು ಪಾಲಿಸಿ ಮೇಲೆ ಹೋಗುತ್ತೆ, ಓದಿ ನೋಡಿ. ಅದೇ ಕಾಯ್ದೆ ರೋಗಿಗೆ ಗೌಪ್ಯತೆಯ ಹಕ್ಕನ್ನೂ ಕೊಟ್ಟಿದೆ.

ಇನ್ನು ಹಂಚೋದರ ಬಗ್ಗೆ. ಹದಿನೈದು ಹೆಲ್ಪ್‌ಲೈನ್ ನಂಬರ್ ಇರೋ ಫಾರ್ವರ್ಡ್ ನಿಮಗೂ ಬಂದಿರುತ್ತೆ. ಅದರಲ್ಲಿ ಎಷ್ಟು ನಡೀತಿವೆ ಅಂತ ಒಂದು ಭಾನುವಾರ ಕೂತು ಡಯಲ್ ಮಾಡಿ ನೋಡಿದೆ. ಕೆಲವು ಎತ್ತಲೇ ಇಲ್ಲ, ಒಂದು ಯಾರದೋ ಮನೆಗೆ ಹೋಯ್ತು. ಮುಳುಗ್ತಿರೋನು ಅಂಥಾ ಮೂರು ನಂಬರ್ ಒತ್ತಿದ್ರೆ ನಾಲ್ಕನೇದು ಒತ್ತಲ್ಲ. ಅದಕ್ಕೇ ನಾನು ಈಗ ಒಂದೇ ನಂಬರ್ ಕಳಿಸ್ತೀನಿ, ಅದೂ ಗ್ರೂಪಿಗಲ್ಲ, ಆ ಮನುಷ್ಯನಿಗೇ. ಜೊತೆಗೆ, “ನೀನು ಫೋನ್ ಮಾಡುವಾಗ ನಾನು ಪಕ್ಕದಲ್ಲಿರಲಾ?” ಅಂತ ಒಂದು ಸಾಲು.

ಊರಿನವರಿಗೆ ಹೇಳೋದೇ ಕಷ್ಟ ಆಯ್ತು. ಮಾತ್ರೆ ಅಂದ ಕೂಡಲೇ ಅವನ ಅಪ್ಪ, “ಹುಚ್ಚೇನು ಹಿಡದೈತಿ?” ಅಂದ್ರಂತೆ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ರಾಶಿ ಪುಸ್ತಕ ಬರೆದಿದ್ದಾರೆ, ಸುಲಭದ ಭಾಷೆ. ಅಂಥದ್ದೊಂದು ಪುಸ್ತಕ ಪಾರ್ಸೆಲ್ ಮಾಡಿದ್ವಿ. ಎರಡು ವಾರ ಸುದ್ದಿಯಿಲ್ಲ. ಆಮೇಲೆ ಒಂದಿನ ಅಪ್ಪನೇ ಫೋನ್ ಮಾಡಿ, “ಗುಳಿಗಿ ತಪ್ಪಿಸಬ್ಯಾಡ” ಅಂದ್ರು.

ಅವನು ಈಗಲೂ ಮಾತ್ರೆ ತಗೋತಾನೆ, ಹೊಸ ಪ್ರಾಜೆಕ್ಟ್ ಸಿಕ್ಕಿದೆ, ಕೆಲವು ದಿನ ಇನ್ನೂ ಭಾರವಾಗೇ ಇರ್ತಾನೆ. ಪುಣೆ, ಹೈದರಾಬಾದ್, ಚೆನ್ನೈ, ಎಲ್ಲೇ ಆಗಲಿ, ಕನ್ನಡದಲ್ಲಿ ಮಾತಾಡೋ ನೋಂದಾಯಿತ ತಜ್ಞರು ನಿಮಗೆ ಗೊತ್ತಿದ್ರೆ ನನಗೆ ತಿಳಿಸಿ. ನಾನೇ ಫೋನ್ ಮಾಡಿ, ವಿಚಾರಿಸಿ, ಆಮೇಲೇ ಬೇರೆಯವರಿಗೆ ಕೊಡ್ತೀನಿ.