ನಾಲ್ಕಕ್ಷರದ ಪದ, ನಾಲ್ಕಾಣೆಯ ಆಸೆ

(ನಮ್ಮ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ಪಂಡಿತರಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಹಾಜರಿ ಪುಸ್ತಕ ಬರೆಯುವವರು. ಸಂಜೆ ಇಲ್ಲಿಯ ಕಪಾಟಿನ ಬೀಗ ತೆಗೆದು ಪತ್ರಿಕೆಗಳನ್ನು ಮೇಜಿನ ಮೇಲೆ ಹರಡುವವರು. ಇಂಥವರು ಇಂಗ್ಲಿಷ್ ಪದಗಳ ಆಟದ ವಿಷಯವಾಗಿ ಮಾತಾಡಲು ನಿಂತುದಕ್ಕೆ ಕಾರಣ ನಮ್ಮದೇ ಒಂದು ತಪ್ಪು.

ಹೋದ ತಿಂಗಳು ಒಬ್ಬ ತರುಣ ಸೋದರರು ಬಹುಮಾನ ಸ್ಪರ್ಧೆಯ ಫಾರಮು ಹಿಡಿದುಕೊಂಡು ಬಂದರು. "ಅಣ್ಣಾ, ನಾಲ್ಕಕ್ಷರದ ಪದ. ಕೊನೆಗೆ ಎ, ಎನ್, ಡಿ ಇದೆ. ಮೊದಲನೆಯದು ಯಾವುದು?" ಎಂದು ಕೇಳಿದರು. ನಾವು ಉತ್ಸಾಹದಿಂದ ನಿಘಂಟು ತೆರೆದು ಕುಳಿತೆವು. ಫಾರಮಿನ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಶುಲ್ಕದ ಸಾಲನ್ನು ಮಾತ್ರ ಓದಲಿಲ್ಲ. ಅವರು ಪದಗಳನ್ನು ಅದಲುಬದಲು ಮಾಡಿ ಹನ್ನೆರಡು ಫಾರಮು ಕಳಿಸಿದರು. ಬಹುಮಾನ ಬರಲಿಲ್ಲ. ಆ ತಿಂಗಳು ಊರಿನಲ್ಲಿದ್ದ ತಾಯಿಗೆ ದುಡ್ಡೂ ಹೋಗಲಿಲ್ಲ. ಪದ ಹುಡುಕಿಕೊಟ್ಟವರು ನಾವೇ ಆದ್ದರಿಂದ ಈ ಮಾತನ್ನು ನಾವೇ ಹೇಳಬೇಕು.

ಪದಬಂಧ ಕೆಟ್ಟದ್ದಲ್ಲ. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬವರು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ವಜ್ರದ ಆಕಾರದ ಒಂದು ಪದಬಂಧವನ್ನು ಅಚ್ಚುಮಾಡಿಸಿದರು. ಅಲ್ಲಿಂದ ಅದು ಲೋಕವೆಲ್ಲ ಹಬ್ಬಿತು. ಇಂಗ್ಲಿಷ್ ಕಾಗುಣಿತ ಕಲಿಯಲು ಇದು ಒಳ್ಳೆಯ ಸಾಧನ. ನಾವು ಉಚ್ಚಾರವನ್ನು ನಂಬಿ ಬರೆಯುವವರು. ಇಂಗ್ಲಿಷಿನಲ್ಲಿ ಆ ನಂಬಿಕೆ ನಡೆಯದು. 'ಸ್ಟ್ರೆಂಗ್ತ್' ಎಂಬ ಒಂದೇ ಉಸಿರಿನ ಮಾತಿಗೆ ಎಂಟು ಅಕ್ಷರ, ಅದರಲ್ಲಿ ಸ್ವರ ಒಂದೇ. 'ರಿದಮ್' ಎಂಬುದಕ್ಕೆ ಆರು ಅಕ್ಷರ. ಎ, ಇ, ಐ, ಓ, ಯು ಈ ಐದರಲ್ಲಿ ಒಂದೂ ಇಲ್ಲ!

ಸರಿಯಾದ ಪದಬಂಧ ಹೇಗೆ ಬಿಡಿಸುತ್ತದೆ ನೋಡಿ. ಐದು ಅಕ್ಷರದ ಪದ, ಮೊದಲನೆಯದು ಕ್ಯೂ ಎಂದಿರಲಿ. ಕ್ಯೂ ಬಂದರೆ ಅದರ ಬೆನ್ನಿಗೆ ಯು ಬರುವುದು ವಾಡಿಕೆ. ಮೂರನೆಯದು ಐ ಎಂದು ಗೊತ್ತಾದರೆ ಕ್ವಿಕ್, ಕ್ವಾಯೆಟ್, ಕ್ವಿಲ್ಟ್, ಕ್ವೈಟ್ ಮೊದಲಾದವು ಉಳಿಯುತ್ತವೆ. ಮೇಲಿನಿಂದ ಇಳಿಯುವ ಪದ ಕೊನೆಯ ಅಕ್ಷರ ಟಿ ಎಂದು ತೋರಿಸಿದರೆ ಕ್ವಿಕ್, ಕ್ವೈಟ್ ಬಿದ್ದುಹೋದವು. ಸುಳಿವು 'ಸದ್ದಿಲ್ಲದ' ಎಂದಿದ್ದರೆ ಉತ್ತರ ಕ್ವಾಯೆಟ್. ಇಲ್ಲಿ ತಿಳಿವಳಿಕೆಗೆ ಬೆಲೆಯಿದೆ.

ಈಗ ಆ ಸೋದರರ ಪದಕ್ಕೆ ಬರೋಣ. ಎ, ಎನ್, ಡಿಯ ಮುಂದೆ ಬಿ ಇಟ್ಟರೆ ಬ್ಯಾಂಡ್, ಎಚ್ ಇಟ್ಟರೆ ಹ್ಯಾಂಡ್, ಎಲ್ ಇಟ್ಟರೆ ಲ್ಯಾಂಡ್, ಎಸ್ ಇಟ್ಟರೆ ಸ್ಯಾಂಡ್. ಅಡ್ಡ ಹಾಯುವ ಪದವಿಲ್ಲ. ಸುಳಿವು, 'ಬಡವನಿಗೆ ಇದೇ ಆಧಾರ'. ಹ್ಯಾಂಡ್ ಎಂದರೆ ಕೈ, ಲ್ಯಾಂಡ್ ಎಂದರೆ ನೆಲ. ಊರಿನಲ್ಲಿರುವ ನಮ್ಮ ಅಣ್ಣತಮ್ಮಂದಿರು ನೆಲ ಎಂದಾರು; ನೆಲ ಬಿಟ್ಟು ಬಂದ ನಾವು ಕೈ ಎಂದೇವು. ಯಾರದು ತಪ್ಪು? ಸ್ಪರ್ಧೆ ನಡೆಸುವವರು ಲಕೋಟೆಯಲ್ಲಿ ಯಾವುದನ್ನು ಮುಚ್ಚಿಟ್ಟಿದ್ದಾರೋ ಅದೊಂದೇ ಸರಿ! ಇಂಥ ಹತ್ತು ಮನೆಗಳಿದ್ದರೆ ಎಲ್ಲ ಬಗೆಯನ್ನೂ ತುಂಬಲು 1,024 ಫಾರಮು ಬೇಕು. ಹಳೆಯ ಕಾಲದ ನಾಲ್ಕಾಣೆಯಂತೆ ಲೆಕ್ಕ ಹಾಕಿದರೂ 256 ರೂಪಾಯಿ.

ಈ ಆಸೆ ಹೊಸದಲ್ಲ. ನಮ್ಮ ಬೆಂಗಳೂರಿನಿಂದ ಹೊರಡುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆ ಇಂಥ ಸ್ಪರ್ಧೆಯ ಫಾರಮುಗಳನ್ನು ಹೊತ್ತು ಮುಂಬಯಿ ಪ್ರಾಂತದಲ್ಲೆಲ್ಲ ಹರಡಿತ್ತು. ಮುಂಬಯಿ ಸರಕಾರ 1952ರಲ್ಲಿ ತನ್ನ ಕಾಯಿದೆಯನ್ನು ತಿದ್ದಿ, ಹೊರಗಿನಿಂದ ಬರುವ ಪತ್ರಿಕೆಗಳನ್ನೂ ಅದರೊಳಗೆ ತಂದಿತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1957ರ ಏಪ್ರಿಲ್ 9ರಂದು ತೀರ್ಪಾಯಿತು: ಜಾಣ್ಮೆಗಿಂತ ಅದೃಷ್ಟವೇ ಮುಖ್ಯವಾದ ಇಂಥ ಸ್ಪರ್ಧೆ ಜೂಜು, ಅದಕ್ಕೆ ವ್ಯಾಪಾರದ ಹಕ್ಕಿನ ರಕ್ಷಣೆಯಿಲ್ಲ. ಅಷ್ಟರಲ್ಲಿ 1955ರಲ್ಲಿ ಸಂಸತ್ತು ಕೂಡ ಬಹುಮಾನ ಸ್ಪರ್ಧೆಗಳ ಕಾಯಿದೆಯನ್ನು ಮಾಡಿ, ತಿಂಗಳ ಒಟ್ಟು ಬಹುಮಾನ 1,000 ರೂಪಾಯಿ, ಒಂದು ಸ್ಪರ್ಧೆಯ ಪ್ರವೇಶಗಳು 2,000, ಇವನ್ನು ಮೀರಬಾರದೆಂದು ಕಟ್ಟು ಹಾಕಿತ್ತು. ಆದರೆ ಕಾಯಿದೆ ಬಂದಿತೆಂದು ಆಸೆ ಸಾಯುವುದಿಲ್ಲ. ಅದು ಹೊಸ ಹೆಸರು ಹೊತ್ತು ಬಾಗಿಲಿಗೆ ಬರುತ್ತದೆ.

ಆದ್ದರಿಂದ ಬಂಧುಗಳೆ, ಒಂದೇ ವಿನಂತಿ. ದುಡ್ಡು ಕೊಡುವ ಮುಂಚೆ ಆ ಮನೆಗೆ ಹೊಂದುವ ಪದಗಳನ್ನೆಲ್ಲ ಒಂದು ಕಾಗದದ ಮೇಲೆ ಬರೆಯಿರಿ. ಒಂದೇ ಉಳಿದರೆ ಅದು ವಿದ್ಯೆ. ಎರಡು ಉಳಿದರೆ ಅದು ಜೂಜು. ಫಾರಮು ಹರಿದು ಹಾಕಿರಿ.

ಇನ್ನು ಮುಂದೆ ಪ್ರತಿ ರವಿವಾರ ಪತ್ರಿಕೆಯ ಪದಬಂಧವನ್ನು ಇಲ್ಲಿಯ ಹಲಗೆಯ ಮೇಲೆ ಬರೆದು ಎಲ್ಲರೂ ಕೂಡಿ ಬಿಡಿಸೋಣ. ಶುಲ್ಕವಿಲ್ಲ, ಬಹುಮಾನವೂ ಇಲ್ಲ. ಆ ತರುಣ ಸೋದರರು ಹಲಗೆಯ ಮುಂದೆ ನಿಲ್ಲಲು ಒಪ್ಪಿದ್ದಾರೆ. ನಿಘಂಟು ತೆರೆಯುವ ಕೆಲಸ ನಮ್ಮದು; ಈ ಸಲ ಸಣ್ಣ ಅಕ್ಷರವನ್ನೂ ಓದುತ್ತೇವೆ.